ಅರ್ಧ ತಿರುವಿದ ಚಾವಿ

ಅಳಿಯ ಎಂಬ ಶಬ್ದದೊಳಗೇ 'ಅಳಿ' ಅನ್ನೋದು ಮುಸುಕು ಹಾಕಿಕೊಂಡು ಕೂತಿದೆ ಎಂಬ ಸತ್ಯ ಇಚಲಕರಂಜಿಯ ನೂಲಿನ ವ್ಯಾಪಾರಿ ಬಸಗೊಂಡನಿಗೆ ಹೊಳೆದದ್ದು ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ, ಗಡಹಿಂಗ್ಲಜದ ಮಾವನ ಮನೆಯಲ್ಲಿ ದೀಪಾವಳಿಯ ಊಟಕ್ಕೆ ಕೂತಾಗ. ತಾಟಿನಲ್ಲಿ ಬೇಯಿಸಿದ ಸೋರೆಕಾಯಿ ಇತ್ತು. ಉಪ್ಪು ಇರಲಿಲ್ಲ. ತುಪ್ಪ ಇರಬೇಕಾದ ಬಟ್ಟಲಲ್ಲಿ ಹಸಿರಾಗಿ ಏನೋ ಇತ್ತು. ಅದು ಹಾಗಲಕಾಯಿ ರಸ ಎಂದು ನಾಲಿಗೆಗೆ ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು.

ಮಾವ ಈರಗೊಂಡಪ್ಪನವರು ಮೊದಲು ಹೀಗಿರಲಿಲ್ಲ. ಕೊಲ್ಹಾಪುರದ ಪೇಟೆಯಲ್ಲಿ ಜೀವಮಾನವಿಡೀ ಬೆಲ್ಲ ಮಾರಿದ ಸಿಹಿಯಾದ ಮನುಷ್ಯ. ಹೋಳಿಗೆಯ ಮೇಲೆ ತುಪ್ಪ ಸುರಿಯುವಾಗ ಅಳಿಯ 'ಸಾಕು' ಎಂದು ಕೈ ಅಡ್ಡ ಹಿಡಿದರೆ ಆ ಕೈ ಮೇಲೂ ಸುರಿಯುತ್ತಿದ್ದರು. ವ್ಯಾಪಾರ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವರಿಗೆ ಫೋನಿನಲ್ಲಿ ಯಾವನೋ ನಿಸರ್ಗೋಪಚಾರದ ಗುರು ಗಂಟುಬಿದ್ದ. ಅಂದಿನಿಂದ ಬೆಲ್ಲ ಮಾರಿದ ಕೈ ಬೇವು ಹಂಚತೊಡಗಿತು. (ಮಾವಿನಂಥ ಮಾವ ಹಾಗಲವಾದರು ಎಂದು ಬಸಗೊಂಡ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಹೇಳುತ್ತಿದ್ದ. ಮನೆಯಲ್ಲಿ ಹೇಳುವ ಧೈರ್ಯ ಇರಲಿಲ್ಲ.)

ಈಗ ಅವರ ಎಪ್ಪತ್ತೈದನೆಯ ಹುಟ್ಟುಹಬ್ಬ ಬಂದಿತ್ತು. ಕರೆ ಫೋನಿನಲ್ಲಿ ಬಂತು: "ಅಳಿಯಾರ, ಊಟಾ ಗೀಟಾ ಏನೂ ಇಟ್ಟಿಲ್ಲ. ನಾಲ್ಕ ದಿನದ ಶುದ್ಧೀಕರಣ ಶಿಬಿರ ಇಟ್ಟೇನಿ. ಶನಿವಾರ ಮುಂಜಾನೆ ಬಂದ ಬಿಡ್ರಿ."

ಶಿಬಿರಕ್ಕೆ ಯಾರ್ಯಾರು ಬರುತ್ತಾರೆ ಎಂದು ಬಸಗೊಂಡ ಸುತ್ತು ಬಳಸಿ ವಿಚಾರಿಸಿದ. ಮಾವನ ಮಗ ವಿಶಾಲನಿಗೆ ಕೊಲ್ಹಾಪುರದ ಫೌಂಡ್ರಿಯಲ್ಲಿ ಎರಡೇ ದಿನ ರಜೆ. ನೆರೆಹೊರೆಯವರಿಗೆ, ಶಿಬಿರ ಎಂದು ಕೇಳಿದ ಕೂಡಲೇ, ದೂರದೂರದ ಊರುಗಳಲ್ಲಿ ಮದುವೆಗಳು ಹುಟ್ಟಿಕೊಂಡಿದ್ದವು. ಅಂದರೆ ಶಿಬಿರಾಧಿಪತಿ ಒಬ್ಬರು, ಶಿಬಿರಾರ್ಥಿ ಒಬ್ಬ.

'ನಾ ಬರಂಗಿಲ್ಲ' ಎಂಬ ಮಾತನ್ನು ಬಸಗೊಂಡ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಕನ್ನಡಿ ತಕರಾರು ಮಾಡಲಿಲ್ಲ. ಹೆಂಡತಿ ಬಾಳಕ್ಕನ ಮುಂದೆ ನಿಂತಾಗ ಮಾತ್ರ ಅದು 'ಬರ್ತೇನಲಾ, ಬರದ ಇರತೇನೇನು' ಆಗಿ ಹೊರಬಿತ್ತು. ಆಕೆ ಅಪ್ಪನಿಗೆಂದು ರೇಷ್ಮೆ ಅಂಚಿನ ಧೋತರದ ಜೋಡಿ ತಂದಿದ್ದಳು, ದಿನಕ್ಕೆರಡು ಸಲ ಅದನ್ನು ಬಿಚ್ಚಿ ನೋಡಿ ಮತ್ತೆ ಮಡಚಿಡುತ್ತಿದ್ದಳು. ಅಂಥ ಮುಖಕ್ಕೆ ಇಲ್ಲ ಅನ್ನುವುದು ಹೇಗೆ?

ಆಗ ಅವನಿಗೊಂದು ದಿವ್ಯವಾದ ಉಪಾಯ ಹೊಳೆಯಿತು. ಬಸಗೊಂಡನ ಬಿಳೀ ಕಾರು ಹಳೆಯದು. ಹೋದ ವರ್ಷ ಒಮ್ಮೆ ಚಾಲೂ ಆಗದೆ ನಿಂತಾಗ ಮೇಸ್ತ್ರಿ ಬಾನೆಟ್ ಎತ್ತಿ, ಕೆಳಗೆ ಸ್ಟಾರ್ಟರಿಗೆ ಬರುವ ಒಂದು ಸಣ್ಣ ವಾಯರ್ ತೋರಿಸಿ, "ನೋಡ್ರಿ ಸಾವಕಾರ, ಇದೊಂದ ಕಳಚಿದ್ರ ಗಾಡಿ ಮುಗೀತು. ದೀಪಾ ಹತ್ತತಾವ, ಹಾರ್ನ್ ಹೊಡಿತೈತಿ, ಇಂಜಿನ್ ಮಾತ್ರ ಏಳಂಗಿಲ್ಲ," ಎಂದಿದ್ದ. ಇನ್ನು ಬಸ್ಸಿನ ಮಾತೇ ಇಲ್ಲ. ಬಾಳಕ್ಕ ಎಸ್.ಟಿ. ಹತ್ತಿದರೆ ಕಾಗಲ ದಾಟುವುದರೊಳಗೆ ಕಿಟಕಿಯ ಹೊರಗೆ ತಲೆ ಹಾಕುವವಳು. ಗಾಡಿ ಇಲ್ಲ ಅಂದರೆ ಗಡಹಿಂಗ್ಲಜವೂ ಇಲ್ಲ.

ಶುಕ್ರವಾರ ಸಂಜೆ ಬಸಗೊಂಡ ನೀರು ನೋಡುವ ನೆವದಲ್ಲಿ ಬಾನೆಟ್ ಎತ್ತಿ, ಶಿವಶಿವಾ ಎಂದು ಆ ವಾಯರ್ ಕಿತ್ತ.

ಶನಿವಾರ ಮುಂಜಾನೆ ಡಿಕ್ಕಿಯಲ್ಲಿ ಚೀಲ ಸೇರಿದವು. ಬಾಳಕ್ಕ ಧೋತರದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಳು. ಬಸಗೊಂಡ ಚಾವಿ ತಿರುವಿದ. ಡ್ಯಾಶಬೋರ್ಡಿನ ದೀಪಗಳೆಲ್ಲ ಝಗ್ಗನೆ ಹತ್ತಿದವು. ಇಂಜಿನ್ ಮೌನವ್ರತ ಹಿಡಿದಿತ್ತು.

"ಯಾಕ್ರಿ, ಏನಾತು?"

"ಇಗ್ನಿಶನ್ ಸ್ವಿಚ್ ಹೋದಂಗ ಕಾಣತೈತಿ," ಎಂದ ಬಸಗೊಂಡ, ಸತ್ತವರ ಮನೆಯ ದನಿಯಲ್ಲಿ.

ಇಗ್ನಿಶನ್ ಸ್ವಿಚ್ ಎಂದು ಆರಿಸಿದ್ದರ ಹಿಂದೆಯೂ ವಿಚಾರವಿತ್ತು. ಗಾಲಿ ಪಂಕ್ಚರ್ ಅಂದರೆ ಕಣ್ಣಿಗೆ ಕಾಣುತ್ತದೆ, ಬ್ಯಾಟರಿ ಅಂದರೆ ಹಾರ್ನ್ ಸಾಕ್ಷಿ ಹೇಳುತ್ತದೆ. ಸ್ವಿಚ್ಚಿನ ರೋಗ ಶಾಲೆ ಹುಡುಗರ ಹೊಟ್ಟೆನೋವಿನ ಹಾಗೆ. ಇದೆ ಅಂದರೆ ಇದೆ, ತೋರಿಸು ಅಂದರೆ ಆಗದು.

"ಅಯ್ಯ ಶಿವನ! ಇವತ್ತ ಆಗಬೇಕೇನ್ ಇದಕ್ಕ?" ಎಂದು ಬಾಳಕ್ಕ ಮರುಗಿದಳು. ಆದರೆ ಮರುಗುತ್ತಲೇ ಫೋನ್ ತೆಗೆದದ್ದನ್ನು ಬಸಗೊಂಡ ಗಮನಿಸಲಿಲ್ಲ. ಗಮನಿಸುವ ಹೊತ್ತಿಗೆ ಆಕೆ, "ವಿಶ್ಯಾ, ನಿಂದೊಂದ ಕರೆಂಟ್ ನೋಡೂ ಮಿಶಿನ್ ಐತೆಲ್ಲ, ತಗೊಂಡ ಬಾರೋ. ದಾಜಿ ಭಾಳ ಮನಸಿಗೆ ಹಚ್ಚಿಕೊಂಡಾರ," ಎನ್ನುತ್ತಿದ್ದಳು.

ವಿಶಾಲ ಬಾಳಕ್ಕನ ತಮ್ಮ. ಫೌಂಡ್ರಿಯ ಮೇಂಟೆನನ್ಸ್ ಖಾತೆಯಲ್ಲಿದ್ದ ಅವನಿಗೆ ಕೆಟ್ಟ ವಸ್ತು ಎಂದರೆ ಹಸಿದವನಿಗೆ ಎಲೆ ಹಾಕಿದ ಹಾಗೆ. ಅಕ್ಕನ ಗಂಡನನ್ನು ಆ ಸೀಮೆಯ ರೂಢಿಯಂತೆ 'ದಾಜಿ' ಎಂದು ಕರೆಯುತ್ತ, ಬೈಕಿನ ಮೇಲೆ ಧೂಳೆಬ್ಬಿಸುತ್ತ ಬಂದು ಇಳಿದ. ಕೈಯಲ್ಲಿ ಹಳದಿ ಮೀಟರು, ಅದಕ್ಕೆ ಕೆಂಪೊಂದು ಕರಿಯೊಂದು ವಾಯರು, ಮುಖದ ಮೇಲೆ ಶಸ್ತ್ರಚಿಕಿತ್ಸೆಗೆ ಹೊರಟವನ ಕಳೆ.

"ಕಾಯ್ ದಾಜಿ, ಬ್ಯಾಟರಿ ಬಘಿತಲಂ ಕಾ?" ಎಂದು, ಬ್ಯಾಟರಿ ನೋಡಿದಿರೇನು ಅಂತ ಮರಾಠಿಯಲ್ಲೇ ಶುರು ಮಾಡಿ, ಉತ್ತರಕ್ಕೆ ಕಾಯದೆ ಬಾನೆಟ್ ಎತ್ತಿದ.

ಬಸಗೊಂಡ ಕಿತ್ತ ವಾಯರ್ ಅಲ್ಲೇ ಕೆಳಗೆ ಸತ್ತ ಹಾವಿನಮರಿಯಂತೆ ಜೋತುಬಿದ್ದಿತ್ತು. ಪುಣ್ಯಕ್ಕೆ ವಿಶಾಲ ಮೇಲಿನ ಬ್ಯಾಟರಿಗಷ್ಟೇ ಎರಡು ಕಡ್ಡಿ ಮುಟ್ಟಿಸಿದ. "ಹನ್ನೆರಡೂವರಿ. ಬ್ಯಾಟರಿ ಪೈಲವಾನ್ ಐತಿ," ಎಂದು ಬಾನೆಟ್ ಹಾಕಿದ. "ಇನ್ನ ಸ್ವಿಚ್ ನೋಡೂಣು."

ಚಾಲಕನ ಬಾಗಿಲು ತೆರೆದು, ಸ್ಟೇರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿ, ಅಂಗಾತ ಮಲಗಿ ತಲೆಯನ್ನು ಪೆಡಲುಗಳ ಹತ್ತಿರ ತೂರಿಸಿದ. ಈಗ ಅವನ ಕಾಲು ರಸ್ತೆಯಲ್ಲಿ, ತಲೆ ಕಾರಿನ ಹೊಟ್ಟೆಯಲ್ಲಿ. "ಮೊದಲ ಸ್ಟಾರ್ಟರಿಗೆ ಹೋಗೂ ವಾಯರ್ ಸ್ವಿಚ್ಚಿನಿಂದ ತಗದ ಇಡತೇನಿ. ಇಲ್ಲಂದ್ರ ನೋಡಕೋತ ಇರೂವಾಗ ಇಂಜಿನ್ ಎದ್ದ ಬಿಟ್ರ ನನ್ನ ತಲಿ ಗತಿ ಏನ್ರಿ? ದಾಜಿ, ನೀವ್ ಆ ಕಡೆ ಸೀಟಿನ್ಯಾಗ ಕುಂತ ಚಾವಿ ಹಿಡೀರಿ. ನಾ ಹೇಳಿದಂಗ ತಿರುವ್ರಿ."

ಬಸಗೊಂಡ ಪಕ್ಕದ ಸೀಟಿನಿಂದ ಬಾಗಿ ಚಾವಿ ಹಿಡಿದ.

"ಕರೀ ಕಡ್ಡಿ ಗಾಡಿ ಮೈಗೆ ಹಚ್ಚೇನಿ. ಕೆಂಪ ಕಡ್ಡಿ ಸ್ವಿಚ್ಚಿಗೆ ಬರೂ ವಾಯರಿಗೆ… ಹಾಂ, ಹನ್ನೆರಡ ಬಂತು. ಅಂದ್ರ ಸ್ವಿಚ್ ತನಕ ಕರೆಂಟ್ ಬರಾಕತ್ತೇತಿ. ಈಗ ಅರ್ಧಾ, ಒಂದ ಮನಿ ಅಷ್ಟ ತಿರುವ್ರಿ. ಬಂತು, ಇಲ್ಲೂ ಹನ್ನೆರಡು. ಇನ್ನ ಖರೇ ಪರೀಕ್ಷಾ. ಸ್ಟಾರ್ಟ್ ಆಗೂ ಕಡ್ಡಿಗೆ ಹಚ್ಚೇನಿ. ಪೂರ್ತಿ ತಿರುವ್ರಿ!"

ಪೂರ್ತಿ ತಿರುವಿದರೆ ಏನಾಗುತ್ತದೆ ಎಂದು ಬಸಗೊಂಡನಿಗೆ ಗೊತ್ತಿತ್ತು. ಸ್ವಿಚ್ಚು ನಿರಪರಾಧಿ. ಕರೆಂಟು ಬರುತ್ತದೆ, ಸ್ವಿಚ್ಚು ಖುಲಾಸೆಯಾಗುತ್ತದೆ, ವಿಶಾಲ ಮುಂದಿನ ಅಪರಾಧಿಯನ್ನು ಹುಡುಕಿಕೊಂಡು ಬಾನೆಟ್ ಎತ್ತುತ್ತಾನೆ. ಹಾಗಾಗಿ ಅವನು ಚಾವಿಯನ್ನು ಇದ್ದಲ್ಲೇ ಇಟ್ಟು, ಹಲ್ಲು ಕಚ್ಚಿ, ರಾಟೆಯಿಂದ ನೀರು ಸೇದುವವನ ಹಾಗೆ "ಹೂಂ… ಹೂಂ…" ಎಂದು ಮುಲುಗಿದ.

"ಸೊನ್ನಿ!" ಎಂದಿತು ಕೆಳಗಿನ ದನಿ. "ತಿರುವಿದ್ರೇನು?"

"ತಿರುವೇನೋ ಮಾರಾಯ. ಕೈ ನೋಯಾಕತ್ತೇತಿ!"

"ಸೊನ್ನೀನ. ದಾಜಿ, ನಿಮ್ಮ ಅಂದಾಜ ಖರೇ ಐತಿ. ಸ್ವಿಚ್ಚ ಹೋಗೇತಿ."

ನಿರಪರಾಧಿಯನ್ನು ಗಲ್ಲಿಗೇರಿಸಿದ ಪಾಪಭೀತಿ ಒಂದು ಕಡೆ, ತಜ್ಞ ಅನ್ನಿಸಿಕೊಂಡ ಹೆಮ್ಮೆ ಒಂದು ಕಡೆ. ಹೆಮ್ಮೆಯೇ ಗೆದ್ದಿತು. "ನಾ ಆವಾಗೇ ಹೇಳಿದ್ದೆ," ಎಂದ ಬಸಗೊಂಡ.

ಅಷ್ಟರಲ್ಲಿ ಚಹಾ ತಂದ ಬಾಳಕ್ಕ ಕಪ್ಪು-ಬಸಿಗಳನ್ನು ಕಾರಿನ ತಲೆಯ ಮೇಲಿಟ್ಟು, "ಸರೀರಿ ನೀವು. ಉಪ್ಪಿನಕಾಯಿ ಬರಣಿ ಮುಚ್ಚಳ ತೆಗಿಯಾಕ ಬರಂಗಿಲ್ಲ ನಿಮಗ. ನಾ ತಿರುವತೇನಿ," ಎಂದು ಗಂಡನನ್ನು ಎಬ್ಬಿಸಿ ಸೀಟು ಹಿಡಿದಳು. ಬಸಗೊಂಡ ಬೇಡ ಅನ್ನುವುದರೊಳಗೆ ಆಕೆ ಚಾವಿಯನ್ನು ಕಿವಿ ಹಿಂಡಿದ ಹಾಗೆ ಹಿಂಡಿದಳು.

"ಅರೇ! ಹನ್ನೆರಡ ಬಂತು!" ಎಂದು ವಿಶಾಲ ಕೂಗಿದ ರಭಸಕ್ಕೆ ಅವನ ಹಣೆ ಬ್ರೇಕಿಗೆ ಬಡಿಯಿತು. "ದಾಜಿ, ನೀವೊಮ್ಮೆ ತಿರುವ್ರಿ."

ಬಸಗೊಂಡ ಮುಲುಗಿದ. ಸೊನ್ನೆ. ಬಾಳಕ್ಕ ಹಿಂಡಿದಳು. ಹನ್ನೆರಡು. ಮತ್ತೆ ಬಸಗೊಂಡ, ಮತ್ತೆ ಸೊನ್ನೆ.

ವಿಶಾಲ ಹೊರಗೆ ಬಂದು ರಸ್ತೆಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಗಹನವಾಗಿ ವಿಚಾರ ಮಾಡಿದ.

"ಗೊತ್ತಾತು," ಎಂದ ವಿಶಾಲ ಕೊನೆಗೆ. "ಒಳಗ ಕಾಂಟ್ಯಾಕ್ಟ್ ಸವದಾವ. ಒಮ್ಮೆ ಹಿಡಿತಾವ, ಒಮ್ಮೆ ಬಿಡತಾವ. ಇದು ಪೂರಾ ಕೆಟ್ಟದ್ದಕ್ಕಿಂತ ಡೇಂಜರ್ ರೀ! ತವಂದಿ ಘಾಟಿನ್ಯಾಗ ಕೈ ಕೊಟ್ರ ಏನ್ ಮಾಡತೀರಿ?"

"ನಾನೂ ಅದನ್ನ ಅಂತೇನಿ," ಎಂದ ಬಸಗೊಂಡ. ಇಷ್ಟು ಸುಂದರವಾದ ಸುಳ್ಳನ್ನು ಅವನು ಸ್ವಂತ ಬುದ್ಧಿಯಿಂದ ಎಂದೂ ಹೇಳಲಾರನಾಗಿದ್ದ. "ಜೀವಕ್ಕಿಂತ ಶಿಬಿರ ದೊಡ್ಡದೇನು?"

ವಿಶಾಲ ಬ್ಯಾಟರಿಯ ಕರೀ ವಾಯರ್ ಸಡಿಲಿಸಿ, ಎರಡು ಸ್ಕ್ರೂ ಬಿಚ್ಚಿ, ಚಾವಿಯ ಹಿಂದಿನ ಸ್ವಿಚ್ಚನ್ನೇ ಕಿತ್ತು ಖಿಸೆಗೆ ಹಾಕಿಕೊಂಡ. "ಕೊಲ್ಹಾಪುರಕ್ಕ ಹೋಗಿ ಇಂಥಾದ್ದ ಹೊಸದ ತರತೇನಿ. ಸಿಕ್ರ ಸಂಜಿಮುಂದ, ಇಲ್ಲಂದ್ರ ಸೋಮವಾರ," ಎಂದು ಬೈಕ್ ಹತ್ತಿದ. ಸೋಮವಾರ ಎಂಬ ಶಬ್ದ ಬಸಗೊಂಡನಿಗೆ ಯಾವ ಮಂತ್ರಕ್ಕಿಂತಲೂ ಮಧುರವಾಗಿ ಕೇಳಿಸಿತು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಅವನು ಗೆದ್ದಿದ್ದ. ಆದರೆ ಗೆದ್ದವನಿಗೆ ನಟನೆಯ ಚಟ ಹತ್ತುತ್ತದೆ. ಬಾಳಕ್ಕ ಗಡಹಿಂಗ್ಲಜಕ್ಕೆ ಫೋನ್ ಮಾಡಿ, "ಅಪ್ಪಾ, ಹಿಂಗಿಂಗಾತು, ಬರಾಕ ಆಗವಲ್ದು," ಎಂದು ಸಣ್ಣ ಮುಖ ಮಾಡಿದಾಗ ಬಸಗೊಂಡ ಫೋನ್ ಇಸಿದುಕೊಂಡ. ದನಿಯನ್ನು ನಡುಗಿಸಿದ. "ಮಾವ, ನನ್ನ ದೈವದಾಗ ನಿಮ್ಮ ಶಿಬಿರ ಬರದಿಲ್ರಿ. ವರ್ಷಗಟ್ಲೆ ದಾರಿ ಕಾದಿದ್ದೆ. ಈ ಹೊಟ್ಟಿ ಇನ್ನ ಯಾವಾಗ ಶುದ್ಧ ಆಗತೈತೋ ಏನೋ!" ಇಲ್ಲಿ ಒಂದು ಬಿಕ್ಕಳಿಕೆಯನ್ನೂ ಸೇರಿಸಿದ.

ಆ ಕಡೆಯಿಂದ ಈರಗೊಂಡಪ್ಪನವರ ಗದ್ಗದಿತ ಕಂಠ ಬಂತು. "ಅಳಿಯಾರ, ಇಷ್ಟ ತಳಮಳ ಐತಂತ ನನಗ ಗೊತ್ತ ಇರಲಿಲ್ಲ. ಮಂದಿ ಎಲ್ಲಾ ನೆವಾ ಹೇಳಿ ತಪ್ಪಿಸಿಕೊಂಡ್ರು. ನೀವೊಬ್ರ ಅಳಾಕತ್ತೀರಿ. ಗಂಗಾ ಹತ್ರ ಹೋಗಾಕ ಆಗಲಿಲ್ಲಂದ್ರ ಗಂಗಾನ ಮನಿ ಬಾಗಲಕ್ಕ ಬರತಾಳ. ನಾವ ಹೊಂಟೇವಿ. ಬಾಜೂದವರ ಟೆಂಪೋ ಐತಿ, ಸಾಮಾನೆಲ್ಲಾ ಹೇರಿಕೊಂಡ ಬರತೇವಿ!"

ಫೋನ್ ಕಟ್ಟಾಯಿತು. ಬಸಗೊಂಡ ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತ. ಬಾಳಕ್ಕನ ಮುಖ ಮಾತ್ರ ತಾವರೆಯಂತೆ ಅರಳಿತ್ತು. "ಅಪ್ಪ ಬರ್ತಾನ! ನಮ್ಮ ಮನೀಗೆ ಬಂದ ಎಷ್ಟ ವರ್ಷ ಆತು!" ಎಂದು ಒಳಗೆ ಓಡಿ ಹಾಸಿಗೆಗಳನ್ನು ಬಿಸಿಲಿಗೆ ಹಾಕತೊಡಗಿದಳು.

ಬಸಗೊಂಡನ ತಲೆ ಮಿಂಚಿನಂತೆ ಓಡಿತು. ಗಡಹಿಂಗ್ಲಜದ ಶಿಬಿರಕ್ಕೆ ನಾಲ್ಕು ದಿನದ ಗಡಿಯಾದರೂ ಇತ್ತು. ಇಲ್ಲಿಗೆ ಬಂದ ಗಂಗೆ ಯಾವಾಗ ಹಿಂದಿರುಗುತ್ತಾಳೆಂದು ಯಾರು ಬಲ್ಲರು? ಅಡಿಗೆಮನೆ ಕೈ ಬಿಟ್ಟು ಹೋಗುತ್ತದೆ. ಡಬ್ಬಿಯಲ್ಲಿದ್ದ ಚಿವಡಾ, ಚಕ್ಕಲಿ, ಜಯಸಿಂಗಪುರದ ಖಾರದ ಚುರುಮುರಿ ಭಡಂಗದ ಪೊಟ್ಟಣ ಎಲ್ಲ ತಿಪ್ಪೆ ಸೇರುತ್ತವೆ. ಉಳಿದದ್ದು ಒಂದೇ ದಾರಿ: ಗಾಡಿ ರಿಪೇರಿ ಆಯಿತು, ನಾವೇ ಬರುತ್ತೇವೆ ಅನ್ನಬೇಕು.

ಅವನು ಓಡಿ ಬಂದು ಬಾನೆಟ್ ಎತ್ತಿ, ಅಂಗಿಯ ತೋಳು ಮೇಲೇರಿಸಿ, ಮೊಣಕೈ ತನಕ ಒಳಗೆ ತೂರಿಸಿ, ಜೋತುಬಿದ್ದ ವಾಯರನ್ನು ಹಿಡಿದು ಸ್ಟಾರ್ಟರಿಗೆ ಸಿಕ್ಕಿಸಿದ. ಗಟ್ಟಿಯಾಗಿ ಕೂತಿತು. ಬ್ಯಾಟರಿಯ ವಾಯರ್ ಬಿಗಿದ. ಹೋಗಿ ಚಾವಿ ತಿರುವಿದ.

ದೀಪವೂ ಹತ್ತಲಿಲ್ಲ. ಆಗ ನೆನಪಾಯಿತು: ಸ್ವಿಚ್ಚು ವಿಶಾಲನ ಖಿಸೆಯಲ್ಲಿ ಕೊಲ್ಹಾಪುರಕ್ಕೆ ಹೋಗಿದೆ. ಮುಂಜಾನೆ ಸುಳ್ಳು ಸುಳ್ಳೇ ಕೆಟ್ಟಿದ್ದ ಗಾಡಿ ಈಗ ಖರೇನೇ ಕೆಟ್ಟಿತ್ತು.

ಮತ್ತೆ ಬಾನೆಟ್ಟಿನಲ್ಲಿ ತಲೆ ಹಾಕಿ, ಸ್ವಿಚ್ಚಿಲ್ಲದೆ ಗಾಡಿ ಎಬ್ಬಿಸುವ ಯಾವುದಾದರೂ ವಿದ್ಯೆ ಕಾಣುತ್ತದೇನೋ ಎಂದು ಅವನು ಹುಡುಕುತ್ತಿದ್ದಾಗ ಬೆನ್ನ ಹಿಂದೆ ಬಾಳಕ್ಕ ಬಂದು ನಿಂತಳು. ಕೈಯಲ್ಲಿ ಫೋನು, ಸ್ಪೀಕರ್ ಹಚ್ಚಿತ್ತು. ಅದರೊಳಗಿಂದ ವಿಶಾಲನ ದನಿ ಬರುತ್ತಿತ್ತು.

"ಅಕ್ಕಾ, ದಾಜೀಗೆ ಹೇಳು. ಅಂಗಡ್ಯಾಗ ಮೇಜಿನ ಮ್ಯಾಲಿಟ್ಟು ನೋಡಿದೆ. ಎಷ್ಟ ಸಲ ತಿರುವಿದ್ರೂ ಮೀಟರ್ ಪೀಂ ಅಂತೈತಿ. ಸ್ವಿಚ್ ಚೊಕ್ಕ ಐತಿ! ದೋಷ ಸ್ವಿಚ್ಚಿನ್ಯಾಗ ಇಲ್ಲ, ತಿರುವೂ ಕೈಯಾಗ ಐತಿ. ದಾಜಿ ಪೂರ್ತಿ ತಿರುವೇ ಇಲ್ಲ! ಇದ್ರ ಹಿಂದ ಸ್ಟಾರ್ಟರ್ ವಾಯರ್ ಕಳಚಿರಬೇಕು, ನೋಡಂತ ಹೇಳು."

ಬಾಳಕ್ಕ ಗಂಡನ ಕೈ ನೋಡಿದಳು. ಮೊಣಕೈ ತನಕ ಕರೀ ಗ್ರೀಸು.

"ಏನ್ ಮಾಡಾಕತ್ತೀರಿ?"

"ನೀರ… ನೀರ ನೋಡಾಕತ್ತೇನಿ."

"ನಿನ್ನೆ ಸಂಜಿಮುಂದೂ ನೀರ ನೋಡಾಕತ್ತಿದ್ರಿ." ಬಾಳಕ್ಕ ಫೋನ್ ಆರಿಸಿದಳು. "ಗಾಡಿ ಚಾಲೂ ಆಗವಲ್ದು ಅಂತ ಮುಂಜಾನಿಂದ ನಾ ಒದ್ದಾಡಾಕತ್ತೇನಿ. ಗಾಡಿಗಿಂತ ನೀವ ಭಾಳ ಚಾಲೂ ಅದೀರಲ್ರಿ!"

ಬಸಗೊಂಡ ಇದ್ದದ್ದನ್ನು ಇದ್ದಂತೆ ಹೇಳಿದ. ಸೋರೆಕಾಯಿ, ಹಾಗಲ, ಉಪ್ಪು, ವಾಯರು, ಎಲ್ಲ. ಬಾಳಕ್ಕ ಬೈಯುತ್ತಾಳೆಂದು ಕಾದ. ಆಕೆ ಬೈಯಲಿಲ್ಲ. ಕಾರಿನ ಬಂಪರಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ನನಗ ಹೇಳಬಾರದಾಗಿತ್ತೇನ್ರಿ? ಆ ಸೋರೇಕಾಯಿ ನನಗರೆ ಸೇರತೈತೇನು? ಬಾಯಾಗ ಇಟ್ರ ಅರಿವಿ ತಿಂದಂಗ ಆಗತೈತಿ. ಆದ್ರ ಅಪ್ಪಗ ಎಪ್ಪತ್ತೈದ ಆಗ್ಯಾವ. ಕರದವ್ರು ಒಬ್ರೂ ಬರಲಿಲ್ಲಂದ್ರ ಅಂವಾ ಎಷ್ಟ ಸಣ್ಣಾಗತಾನ, ಹೇಳ್ರಿ. ಅದಕ್ಕ ಹೊಂಟಿದ್ದೆ. ನೀವ್ ಬರಂಗಿಲ್ಲಂದಿದ್ರ ಒಬ್ಬಾಕೆ ಹೋಗತಿದ್ದೆ. ವಾಂತಿ ಆಗಲಿ, ಎಸ್.ಟಿ.ಗೇ ಹೋಗತಿದ್ದೆ."

"ತಪ್ಪಾತು," ಎಂದ ಬಸಗೊಂಡ. ಆಮೇಲೆ ಮೆಲ್ಲಗೆ, "ನಿಮ್ಮಪ್ಪಗ ಹೇಳಬ್ಯಾಡ," ಎಂದ.

"ನಾ ಯಾಕ ಹೇಳಲಿ?" ಎಂದಳು ಬಾಳಕ್ಕ ಎದ್ದು ನಿಂತು. ಆ ದನಿಯಲ್ಲಿದ್ದ ಮೃದುತ್ವವನ್ನು ಅವನು ಕ್ಷಮೆ ಎಂದುಕೊಂಡ. ಇಪ್ಪತ್ತು ವರ್ಷದ ಸಂಸಾರ ಅವನಿಗೆ ಏನನ್ನೂ ಕಲಿಸಿರಲಿಲ್ಲ.

ಇಳಿಹೊತ್ತಿಗೆ ವಿಶಾಲ ಬಂದು ಅದೇ ಹಳೆಯ ಸ್ವಿಚ್ಚನ್ನು ಮರಳಿ ಕೂಡಿಸಿದ. ದಾಜಿಯ ಮುಖ ನೋಡಿ ನಗು ನುಂಗಿ, ಚಾವಿ ತಿರುವಿದ. ಇಂಜಿನ್ ಗುರ್ರ್ ಎಂದು ಎದ್ದಿತು. ಅದೇ ಗಳಿಗೆಗೆ ಓಣಿಯ ತಿರುವಿನಲ್ಲಿ ಟೆಂಪೋ ಕಾಣಿಸಿತು. ಅದರಲ್ಲಿ ಸೋರೆಕಾಯಿಯ ಬುಟ್ಟಿ, ರಸ ತೆಗೆಯುವ ಯಂತ್ರ, ನಾಲ್ಕು ಚೀಲ ಕೆರೆಮಣ್ಣು, ಇವುಗಳ ನಡುವೆ ಸಿಂಹಾಸನದ ಮೇಲೆ ಕೂತಂತೆ ಈರಗೊಂಡಪ್ಪನವರು, ಮೂಲೆಯಲ್ಲಿ ಅತ್ತೆ ಶಿವವ್ವ.

ಈರಗೊಂಡಪ್ಪನವರು ಇಳಿದವರೇ ಅಳಿಯನನ್ನು ಅಪ್ಪಿಕೊಂಡು ಕಣ್ಣೊರೆಸಿಕೊಂಡರು. ಬಾಳಕ್ಕ ಧೋತರದ ಜೋಡಿ ಕೈಗಿತ್ತು, ಕಾಲಿಗೆ ನಮಸ್ಕಾರ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅಪ್ಪಾ, ಇವರಿಗೆ ನಾಲ್ಕ ದಿನ ಸಾಲಂಗಿಲ್ಲಂತ. ಕೇಳಾಕ ನಾಚಿಕಿ ಪಡಾಕತ್ಯಾರ."

"ಹೌದೇನ್ರಿ ಅಳಿಯಾರ!" ಮುದುಕರ ಮುಖ ಬೆಳಗಿತು. "ಎಂಟ ದಿನ ಮಾಡೂಣು! ಅಂಗಡಿ ನೋಡಿಕೊಳ್ಳಾಕ ಬಾಳಕ್ಕ ಅದಾಳಲ್ಲ!"

ಮರುದಿನ ಬೆಳಿಗ್ಗೆ ಬಸಗೊಂಡ ಹಿತ್ತಲಲ್ಲಿ ಚಾಪೆಯ ಮೇಲೆ ಅಂಗಾತ ಬಿದ್ದಿದ್ದ. ಹೊಟ್ಟೆಯ ಮೇಲೆ ಗೇಣೆತ್ತರ ಹಸಿ ಮಣ್ಣು, ಹೊಟ್ಟೆಯೊಳಗೆ ಒಂದು ತಂಬಿಗೆ ಹಾಗಲ. ಅಂಗಳದಲ್ಲಿ ಬಳೆಗಳ ಸದ್ದು, ಮಲ್ಲಿಗೆಯ ವಾಸನೆ. ಶಿವವ್ವ ಜರತಾರಿ ಸೀರೆ ಉಟ್ಟು ಅಳಿಯನ ಹತ್ತಿರ ಬಂದು ಬಾಗಿದಳು.

"ಅಳಿಯಾರ, ನಾವ್ ಮೂರೂ ಮಂದಿ ಅಂಬಾಬಾಯಿ ದರ್ಶನಕ್ಕ ಕೊಲ್ಹಾಪುರಕ್ಕ ಹೋಗಿ ಬರತೇವ್ರಿ. ವಿಶಾಲ ಗಾಡಿ ಹೊಡಿತಾನ." ಗಂಡ ಬಚ್ಚಲಲ್ಲಿ ಮಣ್ಣು ಕಲಸುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದಳು. "ನಾ ಹೇಳಬಾರದು, ಹೇಳತೇನಿ. ಹೋದ ದೀಪಾವಳಿಗೆ ನಿಮ್ಮ ಮಾರಿ ನೋಡಿ ನನ್ನ ಕರಳ ಚುರಕ್ ಅಂದಿತ್ತು. ಈ ಸಲ ನೀವು ಬರ್ತೀರಂತ ಅಟ್ಟದ ಮ್ಯಾಲ ಕದ್ದ ಹೋಳಿಗಿ ಮಾಡಿ ಇಟ್ಟಿದ್ದೆ, ಕಟ್ಟಿನ ಸಾರೂ ಇತ್ತು. ನೀವು ಬರಲಿಲ್ಲಲ್ಲ… ಟೆಂಪೋದವಗ ಕೊಟ್ಟೆ. ಪಾಪ, ಭಾಳ ಹರಸಿದ."

ಆಕೆ ಹೋದಳು. ಬಾಗಿಲು ಹಾಕಿದ ಸದ್ದು. ಕಾರು ಒಂದೇ ಹಿಡಿತಕ್ಕೆ ಎದ್ದು, ಹಾರ್ನ್ ಹೊಡೆದು, ಓಣಿ ದಾಟಿತು. ಕಿಟಕಿಯಿಂದ ಬಾಳಕ್ಕನ ಮಾತು ತೇಲಿಬಂತು: "ವಿಶ್ಯಾ, ಮೊದಲ ದರ್ಶನಾ, ಆಮ್ಯಾಲ ಛಲೋ ಖಾರದ ಮಿಸಳ್ ತಿನ್ನೂಣು!"

ಬಸಗೊಂಡ ಒಂದು ಮೊಣಕೈ ಊರಿ ಎದ್ದ. "ಮಾವ, ನಾನೂ ಅಂಬಾಬಾಯಿ ದರ್ಶನಾ…"

"ಬಿದ್ಕೋರಿ, ಬಿದ್ಕೋರಿ!" ಎಂದರು ಈರಗೊಂಡಪ್ಪನವರು, ಎರಡನೆಯ ಬಕೆಟ್ಟನ್ನು ಪ್ರೀತಿಯಿಂದ ಹೊತ್ತು ತರುತ್ತ. "ಇನ್ನೂ ಬೆನ್ನಿಗೆ ಹಚ್ಚೂದೈತಿ."